ಒದರ್ಲಿ ಬಿಡ್ರಿ, ಬ್ಯಾನಿ ಆಕೀದು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಸವನ ಬಾಗೇವಾಡಿಯ ಪೇಟೆಯ ಹಿಂಬದಿಗಿರುವ ಸಣ್ಣ ಖಾಸಗಿ ಹೆರಿಗೆ ಆಸ್ಪತ್ರೆಯ ಅಂಗಳಕ್ಕೆ ಧೂಳು ಹೊದ್ದ ಟ್ರ್ಯಾಕ್ಸ್ ಗಾಡಿಯೊಂದು ಬಂದು ನಿಲ್ಲುತ್ತದೆ. ಹಿಂದಿನ ಸೀಟಿನಲ್ಲಿ ಹೆಂಗಸರ ನಡುವೆ ಕಂಬಿಯನ್ನು ಬಿಗಿಯಾಗಿ ಹಿಡಿದು ಕೂತ ತುಂಬು ಬಸುರಿಯೊಬ್ಬಳು ಒಂದೇ ಸಮನೆ ಚೀರುತ್ತಿದ್ದಾಳೆ. ಒಳಗೆ ಫಿನಾಯಿಲ್ ಹಾಕಿ ನೆಲ ಒರೆಸುತ್ತಿದ್ದ ಜೋಹರಾಬಿ ಬಟ್ಟೆಯನ್ನು ಬಕೆಟ್ಟಿಗೆ ಬಿಟ್ಟು, ಕೈ ತೊಳೆದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬರುತ್ತಾರೆ.

"ಎಲ್ಲಿ ನೋಯ್ತೈತಿ, ತಂಗಿ?"

"ನಡಾ ಮುರದಂಗ ಆಗಾಕತ್ತೈತ್ರಿ ಯವ್ವಾ!"

ಹಿಂದಿನಿಂದ ಇಳಿದ ಅತ್ತೆ ಗೊಣಗುತ್ತಾಳೆ: "ಊರು ದಾಟಿದಾಗಿಂದ ಇದ ನಮೂನಿ ಒದರಾಕತ್ತಾಳ. ನಾವೇನ್ ಹಡದಿಲ್ಲೇನು?"

ಬಸುರಿಯ ಕಂಕುಳಿಗೆ ಕೈಕೊಟ್ಟು ಇಳಿಸಿಕೊಳ್ಳುತ್ತಲೇ ಜೋಹರಾಬಿ ತಿರುಗಿ ನೋಡುತ್ತಾರೆ. "ನೀವು ಹಡದೀರಿ, ಯಾರು ಇಲ್ಲ ಅಂದಾರ? ಆದ್ರ ಈ ಕೂಸನ್ನ ನೀವು ಹಡದಿಲ್ಲ. ಇದು ಈಕಿ ಹಡಿಯೂದು. ಒದರ್ಲಿ ಬಿಡ್ರಿ, ಬ್ಯಾನಿ ಆಕೀದು."

ಅತ್ತೆ ಬಟ್ಟೆಯ ಗಂಟು ಇಳಿಸಲು ಗಾಡಿಯತ್ತ ತಿರುಗುತ್ತಾಳೆ. ಬಸುರಿ ಮಾತ್ರ ಯಾರ ಹಂಗೂ ಇಲ್ಲದಂತೆ ಮತ್ತೊಮ್ಮೆ ಗಂಟಲು ಬಿಚ್ಚಿ ಕೂಗುತ್ತಾಳೆ.

ಜೋಹರಾಬಿ ಈ ಆಸ್ಪತ್ರೆಯ ಆಯಾ. ನೆಲ ಒರೆಸುವುದು, ನೀರು ಕಾಯಿಸುವುದು, ರಕ್ತದ ಬಟ್ಟೆ ಒಗೆಯುವುದು, ಹೆರಿಗೆ ಕೋಣೆಯಲ್ಲಿ ಹೆಂಗಸರ ತಲೆದೆಸೆಗೆ ನಿಲ್ಲುವುದು ಇವರ ಕೆಲಸ. "ನಾ ಸೂಲಗಿತ್ತಿ ಅಲ್ಲರಿ, ಹಂಗ ಬರೀಬ್ಯಾಡ್ರಿ" ಎಂದು ಮೊದಲೇ ತಾಕೀತು ಮಾಡುತ್ತಾರೆ. "ಹಡಸೂದು ಡಾಕ್ಟರಬಾಯಿ, ಸಿಸ್ಟರು. ನಾ ಕೈ ಹಿಡ್ಕೊಂಡು ನಿಂದರಾಕಿ. ಎಷ್ಟು ನೋಯ್ತೈತಿ ಅಂತ ನನಗ ಗೊತ್ತಾಗಂಗಿಲ್ಲ. ಗೊತ್ತಾಗಂಗಿಲ್ಲಂತನ ಕೇಳ್ತೇನಿ."

ಕೇಳಿದಾಗ ಬಂದ ಉತ್ತರಗಳು ಒಂದರಂತೆ ಇನ್ನೊಂದಿಲ್ಲ. ಒಬ್ಬಳಿಗೆ ಬೆನ್ನಲ್ಲಿ ಕಾದ ಸಲಾಕೆ ಇಟ್ಟಂತೆ. ಇನ್ನೊಬ್ಬಳಿಗೆ ತೊಡೆ ಜೋಮು ಹಿಡಿದಂತೆ, ಅದರಾಚೆ ಏನಿಲ್ಲ. ಒಬ್ಬಾಕೆ ನೋವು ಬಿಟ್ಟ ಗಳಿಗೆಯಲ್ಲೆಲ್ಲ ಮೆಣಸಿನಕಾಯಿ ಭಜಿ ಬೇಕೆಂದು ಹಟ ಹಿಡಿದಿದ್ದಳಂತೆ. ಮತ್ತೊಬ್ಬಾಕೆ ಮದುವೆಯಾದ ಮೇಲೆ ಮೊದಲ ಸಲ ಗಂಡನ ಹೆಸರು ಬಾಯಿಬಿಟ್ಟು ಹೇಳಿ ಬೈದಳಂತೆ. ಹೊರಗೆ ಬೆಂಚಿನ ಮೇಲಿದ್ದ ಗಂಡ ಸದ್ದಿಲ್ಲದೆ ಎದ್ದು ಚಹಾದಂಗಡಿಗೆ ನಡೆದನಂತೆ. ಸಿಂದಗಿ ಕಡೆಯ ಶಾಲಾ ಶಿಕ್ಷಕಿಯೊಬ್ಬರು ಕಣ್ಣುಮುಚ್ಚಿ ಮಗ್ಗಿ ಹೇಳುತ್ತ ಹೇಳುತ್ತ ಹಡೆದರು. "ಹದಿನೇಳರ ಮಗ್ಗಿಯೊಳಗ ಸಿಕ್ಕೊಂಡ್ರು ನೋಡ್ರಿ, ಅಷ್ಟರಾಗ ಕೂಸು ಬಂತು" ಎಂದು ಜೋಹರಾಬಿ ನಗುತ್ತಾರೆ.

ಈ ಪಾಠವನ್ನು ಅವರಿಗೆ ಯಾರೂ ಹೇಳಿಕೊಡಲಿಲ್ಲ. ಅವರದೇ ಮೈ ಹೇಳಿಕೊಟ್ಟಿತು.

ತವರಿನಲ್ಲಿ ತಾಯಿ ತೀರಿಹೋಗಿದ್ದರಿಂದ ಮೊದಲ ಹೆರಿಗೆ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ, ಗಂಡನ ಮನೆಯಲ್ಲೇ ಆಯಿತು. ಎರಡು ಹಗಲು ಎರಡು ರಾತ್ರಿ ಬ್ಯಾನಿ ತಿಂದರು. ಪಡಸಾಲೆಯಲ್ಲಿ ಗಂಡಸರು ಕೂತಿದ್ದರು. ದನಿ ಹೊರಗೆ ಹೋಗಬಾರದೆಂದು ಅತ್ತೆ ಬಾಯಿಗೆ ಸೆರಗು ತುರುಕಿದರು. "ಆ ನೋವು ಮರತೇನಿ. ಬಾಯಾಗಿನ ಆ ಸೆರಗಿನ ಅರಬಿ ರುಚಿ ಮಾತ್ರ ಇನ್ನೂ ಮರತಿಲ್ಲ" ಎನ್ನುವಾಗ ಅವರು ಅರಿವಿಲ್ಲದೆಯೇ ತುಟಿ ಒರೆಸಿಕೊಳ್ಳುತ್ತಾರೆ.

ಎರಡನೆಯದು ಆಲಮಟ್ಟಿಯಲ್ಲಿ. ಗಂಡ ಫಕೀರಸಾಬ ಅಲ್ಲಿ ಆಣೆಕಟ್ಟಿನ ಕೂಲಿಗೆ ಹೋಗಿದ್ದರು. ಜೋಹರಾಬಿಯೂ ಬುಟ್ಟಿಯಲ್ಲಿ ಜಲ್ಲಿ ಖಡಿ ಹೊರುತ್ತಿದ್ದರು. ಬೆಳಿಗ್ಗೆ ಸೊಂಟ ಸ್ವಲ್ಪ ಹಿಡಿದಂತಾಯಿತು. ಬುಟ್ಟಿ ಇಳಿಸಿ ತಗಡಿನ ಶೆಡ್ಡಿಗೆ ಬಂದು ನೀರು ಕುಡಿಯುವಷ್ಟರಲ್ಲಿ ಮಗು ಹೊರಗಿತ್ತು. ಪಕ್ಕದ ಶೆಡ್ಡಿನ ಹೆಂಗಸು "ಯಾವಾಗ ಹಡದಿ?" ಎಂದು ಬೆರಗಾಗಿ ಕೇಳಿದಳಂತೆ.

ಮೂರನೆಯದು ಮುದ್ದೇಬಿಹಾಳದ ಒಂದು ದವಾಖಾನೆಯಲ್ಲಿ. ಆ ಸಲ ನೋವು ತಡೆದುಕೊಳ್ಳುವಷ್ಟಿತ್ತು. ಆದರೆ ಕೋಣೆಯಲ್ಲಿ ಒಬ್ಬರನ್ನೇ ಮಲಗಿಸಿ, ಬಾಗಿಲು ಮುಂದಕ್ಕೆ ಎಳೆದುಕೊಂಡು ಹೋದರು. ಕರೆದರೆ ಯಾರೂ ಬರಲಿಲ್ಲ. "ಮೂರರಾಗ ಅದ ಭಾಳ ಕಠಿಣ ಆತ್ರಿ. ಸತ್ರೂ ಯಾರಿಗೂ ಗೊತ್ತಾಗಂಗಿಲ್ಲ ಅನ್ನಿಸ್ತು. ನಂದ ಒಂದ ಮೈ, ಮೂರು ಸಲ ಮೂರು ನಮೂನಿ. ಹಂತಾದ್ರಾಗ ಇನ್ನೊಬ್ಬಾಕಿ ಮೈಯಾಗಿಂದು ನನಗ ಗೊತ್ತೈತಿ ಅಂತ ಹೆಂಗ ಹೇಳ್ಲಿ?"

ಫಕೀರಸಾಬ ಕಾಮಾಲೆಯಾಗಿ ತೀರಿಕೊಂಡರು. ಮೂರು ಮಕ್ಕಳನ್ನು ಕಟ್ಟಿಕೊಂಡು ಬಾಗೇವಾಡಿಗೆ ಬಂದ ಜೋಹರಾಬಿಗೆ ಡಾಕ್ಟರ್ ಶೈಲಶ್ರೀ ತಾವು ಹೊಸದಾಗಿ ತೆರೆದಿದ್ದ ಈ ಆಸ್ಪತ್ರೆಯಲ್ಲಿ ಕೆಲಸ ಕೊಟ್ಟರು. ಹೇಳಿದ್ದನ್ನು ಮಾಡಿಕೊಂಡು, ಎದುರಾಡದೆ ಕೆಲವು ವರ್ಷ ಇದ್ದರು. 1998ರ ಬೇಸಿಗೆಯ ಒಂದು ಮಧ್ಯಾಹ್ನ ಅದು ಮುಗಿಯಿತು.

ಅಂದು ಹೆರಿಗೆ ಕೋಣೆಯ ಎರಡೂ ಮಂಚ ತುಂಬಿದ್ದವು. ಒಂದರಲ್ಲಿ ಹೂವಿನ ಹಿಪ್ಪರಗಿಯ ದೊಡ್ಡ ಹಿಡುವಳಿದಾರ ಬಸಂತರಾಯರ ಸೊಸೆ ಸಿದ್ದಲಿಂಗವ್ವ, ಚೊಚ್ಚಲ ಬಸುರಿ. ಇನ್ನೊಂದರಲ್ಲಿ ಊರಿನ ಬಳೆ ವ್ಯಾಪಾರಿಯ ಹೆಂಡತಿ ಗುಲನಾಜ, ಅವಳಿಗದು ಮೂರನೆಯದು. ಸಿದ್ದಲಿಂಗವ್ವ ಗೋಡೆ ಬಿರಿಯುವಂತೆ ಚೀರುತ್ತಿದ್ದಳು. ಗುಲನಾಜ ಓಢಣಿಯ ತುದಿ ಬೆರಳಿಗೆ ಸುತ್ತಿಕೊಂಡು ಸುಮ್ಮನೆ ಮಲಗಿದ್ದಳು. ಹಿರಿಯ ನರ್ಸ್ ವಿಜಯಲಕ್ಷ್ಮಿ ಬೆಳಗಿನಿಂದ ಕಾಲ ಮೇಲೆ ನಿಂತಿದ್ದರು. ಅವರ ಸಹನೆ ಮುಗಿದಿತ್ತು.

"ಬಾಜೂಕಿನಾಕಿನ್ನ ನೋಡಿ ಕಲಿ! ಆಕೀನೂ ಹೆಂಗಸ ಅಲ್ಲೇನು? ನಾನೂ ಎರಡು ಹಡದೇನಿ, ಹ್ಞೂಂ ಅಂದಿಲ್ಲ" ಎಂದು ಗದರಿಸಿದರು. ಸಿದ್ದಲಿಂಗವ್ವ ಇನ್ನೂ ಜೋರಾಗಿ ಕೂಗಿದಳು. ನರ್ಸಿನ ಕೈ ಅವಳ ತೊಡೆಯ ಮೇಲೆ ಫಟ್ಟೆಂದು ಬಿತ್ತು. ಎರಡನೆಯ ಏಟಿಗೆ ಮೇಲೆದ್ದ ಕೈಯನ್ನು ಜೋಹರಾಬಿ ಗಾಳಿಯಲ್ಲೇ ಹಿಡಿದರು.

"ಕೈ ಇಳಸ್ರಿ ಸಿಸ್ಟರ್."

"ಬಿಡು ಕೈ! ಕಸಾ ಹೊಡಿಯಾಕಿ ನೀನು, ನನಗ ಹೇಳಾಕ ಬರ್ತಿ?"

"ಕಸಾ ಹೊಡೀತೇನಿ. ಈಕೀಗೆ ಹೊಡಿಯಾಕ ಬಿಡಂಗಿಲ್ಲ."

ಸಂಜೆಗೆ ಸಿದ್ದಲಿಂಗವ್ವ ಹೆಣ್ಣು ಮಗುವನ್ನು ಹಡೆದಳು. ಕೊನೆಯವರೆಗೂ ಚೀರುತ್ತಲೇ, ಜೋಹರಾಬಿಯ ಮುಂಗೈ ಕೆಂಪಾಗುವಂತೆ ಹಿಡಿದುಕೊಂಡೇ. ಅದರ ಹಿಂದೆಯೇ ಪುಕಾರು ಎದ್ದಿತು. ಆಯಾ ತಮಗೆ ಅವಮಾನ ಮಾಡಿದಳೆಂದು ನರ್ಸು ದೂರಿದರು. ಬಸಂತರಾಯರದು ಬೇರೆಯೇ ತಕರಾರು: ಸೊಸೆಯ ಕೂಗು ರಸ್ತೆಯವರೆಗೂ ಕೇಳಿಸಿ ಮನೆತನದ ಮರ್ಯಾದೆ ಹೋಯಿತು, ಬಾಯಿ ಮುಚ್ಚಿಸುವುದು ಬಿಟ್ಟು ಈ ಆಯಾ ಇನ್ನಷ್ಟು ಒದರಲು ಕುಮ್ಮಕ್ಕು ಕೊಟ್ಟಳು. ಇಬ್ಬರಿಗೂ ತಪ್ಪಾಯಿತೆಂದು ಹೇಳಿಬಿಡು, ಇಲ್ಲಿಗೇ ಮುಗಿಸೋಣ ಎಂದರು ಡಾಕ್ಟರ್ ಶೈಲಶ್ರೀ.

"ತಪ್ಪಾತು ಅಂತ ಅನ್ನಂಗಿಲ್ಲರಿ ಡಾಕ್ಟರಬಾಯಿ" ಎಂದರು ಜೋಹರಾಬಿ. "ಕೆಲಸ ತಗೀತೀರಿ? ತಗೀರಿ. ತಪ್ಪಾತು ಅಂದ್ರ ಸುಳ್ಳ ಹೇಳ್ದಂಗ ಆಗ್ತೈತಿ."

ಡಾಕ್ಟರ್ ಕೆಲಸದಿಂದ ತೆಗೆಯಲಿಲ್ಲ. ಆದರೆ ಹೆರಿಗೆ ಕೋಣೆಯ ಹೊಸ್ತಿಲು ತುಳಿಯಬಾರದೆಂದು ಹೇಳಿ ಹಿತ್ತಲಿನ ಒಗೆಯುವ ಕಲ್ಲಿಗೆ ಕಳಿಸಿದರು.

ಆ ಕಲ್ಲು ಇದ್ದದ್ದು ಹೆರಿಗೆ ಕೋಣೆಯ ಕಿಟಕಿಯ ಕೆಳಗೆ. ಒಗೆಯುತ್ತಿದ್ದಾಗ ಒಳಗಿನ ಪ್ರತಿಯೊಂದು ಕೂಗೂ ಕೇಳಿಸುತ್ತಿತ್ತು. ಮೊದಲ ಕೆಲವು ದಿನ ಜೋಹರಾಬಿ ಹಲ್ಲು ಕಚ್ಚಿ ಬಟ್ಟೆ ಬಡಿದರು. ಒಂದು ದಿನ ಒಳಗಿನಿಂದ "ಯಾರರ ಅದೀರೇನ್ರೆವ್ವಾ!" ಎಂಬ ಕೂಗು ಬಂತು. ಸೋಪಿನ ಕೈಯಲ್ಲೇ ಎದ್ದು ನಿಂತು ಇವರು ಕಿಟಕಿಯತ್ತ ಮುಖ ಎತ್ತಿ ಕೂಗಿದರು: "ಅದೀನಿ ನನ್ನವ್ವ, ಇಲ್ಲೇ ಅದೀನಿ! ಒದರು ನೀ, ನಾ ಕೇಳಾಕತ್ತೇನಿ!"

ಅಂದಿನಿಂದ ಅದೇ ರೂಢಿಯಾಯಿತು. ಒಳಗಿನಿಂದ ಒಂದು ದನಿ, ಹೊರಗಿನಿಂದ ಒಂದು ದನಿ. ನರ್ಸು ಕಿಟಕಿ ಮುಚ್ಚಿದರು. ಸೆಕೆ ತಡೆಯಲಾರದೆ ಮತ್ತೆ ತೆರೆದರು. ಡಾಕ್ಟರ್ ಹೊರಗೆ ಬಂದು, ಹೀಗೆ ಕೂಗಬೇಡ ಎಂದು ಎಚ್ಚರಿಸಿದರು. "ಕ್ವಾಣಿಗೆ ಬರಬ್ಯಾಡ ಅಂದ್ರಿ, ಬಂದಿಲ್ಲ. ನನ್ನ ಬಾಯಿ ನನ್ನ ಕಡೇನ ಐತಿ" ಎಂದು ಹೇಳಿ ಜೋಹರಾಬಿ ಮತ್ತೆ ಬಟ್ಟೆ ಬಡಿಯತೊಡಗಿದರು.

ಜೋಹರಾಬಿಯನ್ನು ಒಳಗೆ ಕರೆತಂದದ್ದು ಯಾರೂ ನಿರೀಕ್ಷಿಸದ ಹೆಂಗಸು: ಪಕ್ಕದ ಮಂಚದ ಗುಲನಾಜ. ಮಗುವಿಗೆ ಲಸಿಕೆ ಹಾಕಿಸಲು ಬಂದವಳು ಜೋಹರಾ ಖಾಲಾ ಎಲ್ಲಿ ಎಂದು ಕೇಳಿದಳು. ಹಿತ್ತಲಲ್ಲಿ ಇದ್ದಾರೆಂದೂ, ಯಾಕೆಂದೂ ಗೊತ್ತಾಯಿತು. ಹೊರಗೆ ಸಾಲಾಗಿ ಕೂತಿದ್ದ ಬಸುರಿ ಬಾಣಂತಿಯರೆಲ್ಲ ಕೇಳುವಂತೆ ಅವಳು ಡಾಕ್ಟರಿಗೆ ಹೇಳಿದಳು:

"ಅವತ್ತ ನನ್ನ ತೋರಿಸಿ ಸಿಸ್ಟರ್ ಆಕೀಗೆ ಬೈದ್ರು. ನಾ ಗಟ್ಟಿ, ಆಕಿ ಅಂಜುಬುರುಕಿ ಅಂತ. ನಂದೇನೂ ಶೂರತನ ಇರಲಿಲ್ಲರಿ. ನನಗ ಅಷ್ಟು ಬ್ಯಾನೀನ ಆಗಲಿಲ್ಲ, ಆಕೀಗೆ ಆಗಿತ್ತು. ನನಗ ನೋಯಲಿಲ್ಲ ಅಂತ ಆಕಿ ಯಾಕ ಹೊಡತ ತಿನ್ನಬೇಕು?"

ಶೈಲಶ್ರೀ ಈಗ ಅದನ್ನು ನೆನೆಯುವುದು ಹೀಗೆ: "ಸಾಲಿನಲ್ಲಿ ಕೂತಿದ್ದ ಹೆಂಗಸರೆಲ್ಲರೂ ನನ್ನ ಮುಖಾನೇ ನೋಡ್ತಿದ್ರು. ಪುಸ್ತಕದಲ್ಲಿ ಓದಿದ್ದೆ, ಒಬ್ಬೊಬ್ಬರ ನೋವು ಒಂದೊಂದು ಥರ ಅಂತ. ಓದಿದ್ದನ್ನ ನನ್ನ ಆಸ್ಪತ್ರೆಯಲ್ಲಿ ನಡೆಸಿರಲಿಲ್ಲ."

ಮರುದಿನ ಜೋಹರಾಬಿಗೆ ಒಳಗೆ ಬರಲು ಹೇಳಿದರು. ಅವರು ಒಗೆಯುವ ಕಲ್ಲಿನಿಂದ ಏಳಲಿಲ್ಲ. "ಸುಮ್ಮ ಬರಂಗಿಲ್ಲರಿ" ಎಂದರು. ಅವರ ಷರತ್ತು ಎರಡು. ಹಡೆಯುವವಳ ಮೇಲೆ ಯಾರೂ ಕೈ ಎತ್ತಬಾರದು. ಅವಳು ಬೇಕೆಂದ ಒಂದು ಹೆಣ್ಣು ಜೀವವನ್ನು, ತಾಯಿಯೋ ಅಕ್ಕನೋ ಗೆಳತಿಯೋ, ಒಳಗೆ ಬಿಡಬೇಕು. ಎರಡನೆಯದಕ್ಕೆ ಡಾಕ್ಟರ್ ತುಸು ತಕರಾರು ತೆಗೆದರು: ಜಾಗ ಚಿಕ್ಕದು, ಸೋಂಕಿನ ಭಯ. ಕೈಕಾಲು ತೊಳೆಸಿ, ಒಗೆದ ಬಟ್ಟೆ ಉಡಿಸಿ ಒಳಗೆ ಬಿಡುವುದು ತನ್ನ ಜವಾಬ್ದಾರಿ ಎಂದು ಜೋಹರಾಬಿ ಹೇಳಿದ ಮೇಲೆ ಒಪ್ಪಿದರು.

ವಿಜಯಲಕ್ಷ್ಮಿ ಸಿಸ್ಟರ್ ಇಂದಿಗೂ ಅಲ್ಲೇ ಇದ್ದಾರೆ. ಇಬ್ಬರ ನಡುವೆ ಕೆಲಸದ ಮಾತಷ್ಟೇ. "ನಾ ಬದಲಾಗೇನಿ ಅಂತ ಚೊಲೊ ಮಾತು ಬರೀಬ್ಯಾಡ್ರಿ" ಎನ್ನುತ್ತಾರೆ ಅವರು. "ನನ್ನ ಕೈ ಹಿಡದಿದ್ದಕ್ಕ ಇನ್ನೂ ಸಿಟ್ಟು ಐತಿ. ಆದ್ರ ಅವತ್ತಿಂದ ಯಾರಿಗೂ ಹೊಡದಿಲ್ಲ, ಅದನ್ನ ಬೇಕಾದ್ರ ಬರ್ಕೋರಿ."

ಸಿದ್ದಲಿಂಗವ್ವ ಎರಡನೆಯ ಹೆರಿಗೆಗೂ ಇಲ್ಲಿಗೇ ಬಂದಳು. ಬೇರೆ ಕಡೆ ಹೋಗೋಣ ಎಂದ ಮಾವನ ಮಾತಿಗೆ ಮೊದಲ ಸಲ ಎದುರು ನಿಂತು ಬಂದಳು. ಈ ಬಾರಿ ಅವಳು ಚೀರಲೇ ಇಲ್ಲ. ಜೋಹರಾಬಿಯೇ ಗಾಬರಿಯಾಗಿ, "ಯಾಕವ್ವ ಸುಮ್ಮನದಿ? ಯಾರರ ಅಂಜಿಸ್ಯಾರೇನು?" ಎಂದು ಕೇಳಿದರು. "ಇಲ್ಲ ಜೋಹರಾಕ್ಕ, ಈ ಸಲ ಅಷ್ಟಿಲ್ಲ" ಎಂದು ಅವಳು ನಕ್ಕಳು. ಹೊರಗೆ ಅತ್ತೆ ಮಾತ್ರ ಸೊಸೆ ಈಗ ತಡೆದುಕೊಳ್ಳುವುದು ಕಲಿತಳೆಂದು ಎಲ್ಲರಿಗೂ ಹೇಳುತ್ತಿದ್ದಳು. ಜೋಹರಾಬಿ ಬಾಗಿಲಿಗೆ ಬಂದು ಅದನ್ನೂ ತಿದ್ದಿದರು: "ಕಲತಿಲ್ಲರಿ. ಈ ಸಲದ ಬ್ಯಾನಿ ಬ್ಯಾರೆ."

ಹೊತ್ತು ಏರಿದೆ. ಬೆಳಿಗ್ಗೆ ಟ್ರ್ಯಾಕ್ಸಿನಲ್ಲಿ ಬಂದವಳು ಗಂಡು ಮಗುವನ್ನು ಹಡೆದು, ದನಿ ಒಡೆದು, ಬಿಸಿ ಚಹಾ ಕುಡಿಯುತ್ತಿದ್ದಾಳೆ. ಜೋಹರಾಬಿ ಮತ್ತೆ ನೆಲಕ್ಕೆ ಫಿನಾಯಿಲ್ ಹಾಕುತ್ತಿದ್ದಾರೆ. ಹಣ, ಸನ್ಮಾನ, ಪತ್ರಿಕೆಯಲ್ಲಿ ಫೋಟೊ ಯಾವುದರ ಮೇಲೂ ಆಸೆಯಿಲ್ಲ. ಬೇಕಾದದ್ದು ಒಂದೇ ಎಂದು ಎರಡು ಮಂಚಗಳ ನಡುವಿನ ಖಾಲಿ ಜಾಗ ತೋರಿಸುತ್ತಾರೆ: ಅಲ್ಲೊಂದು ಪರದೆ. ಒಬ್ಬಳನ್ನು ಅಳತೆಗೋಲು ಮಾಡಿಕೊಂಡು ಇನ್ನೊಬ್ಬಳನ್ನು ಅಳೆಯುವುದು ಆಗಲಾದರೂ ನಿಲ್ಲುತ್ತದೆ ಎಂಬುದು ಅವರ ಲೆಕ್ಕ. ಡಾಕ್ಟರ್ ಬರುವ ತಿಂಗಳು ಹಾಕಿಸುವೆ ಎಂದಿದ್ದಾರೆ.

"ಹಾಕಿಸದಿದ್ರ?" ಎಂದರೆ ಜೋಹರಾಬಿ ಒರೆಸುವುದನ್ನು ನಿಲ್ಲಿಸಿ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾರೆ.

"ನನ್ನ ನಿಖಾದ ಸೀರಿ ಇನ್ನೂ ಗಟ್ಟಿ ಐತಿ. ತಂದು ಈ ಗ್ವಾಡಿಯಿಂದ ಆ ಗ್ವಾಡಿಗೆ ಕಟ್ಟತೇನಿ. ಬಿಚ್ಚಾಕ ಯಾರ ಬರ್ತಾರ ಬರ್ಲಿ."