ಕಿತ್ತ ಗಿಡ, ಅಗೆದ ಗಿಡ

ನಾವೆಲ್ಲ ಅವಳನ್ನು ಗಂಟಕ್ಕ ಅಂತಲೇ ಕರೆಯುತ್ತಿದ್ದೆವು. ಹೊಲದಿಂದ ಯಾರೇ ಬರಲಿ, "ಬೇರಲ್ಲಿ ಗಂಟು ಕಟ್ಟಿದೆಯಾ?" ಅಂತ ಮೊದಲು ಕೇಳುತ್ತಿದ್ದಳು, ಊಟ ಆಯ್ತಾ ಅನ್ನುವುದು ಆಮೇಲೆ. ಸೋಯಾ, ಹೆಸರು, ಅಲಸಂದೆ ಬೇರಿನ ಸಣ್ಣ ಗಂಟುಗಳಲ್ಲಿ ಮನೆ ಮಾಡಿಕೊಂಡು, ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಉಣಿಸುವ ಬ್ಯಾಕ್ಟೀರಿಯಾ ಇವೆಯಲ್ಲ, ಅವನ್ನು ಬೆಳೆಸುವುದೇ ಅವಳ ಕೆಲಸ. ಇಪ್ಪತ್ತಾರು ವರ್ಷ ಕೃಷಿ ಕೇಂದ್ರದ ಅದೇ ಕೋಣೆ. ಸೀಸೆಯಲ್ಲಿ ಬೆಳೆದದ್ದನ್ನು ಇದ್ದಿಲ ಪುಡಿಗೆ ಕಲಸಿ, ಬಿತ್ತನೆ ಬೀಜಕ್ಕೆ ಹಚ್ಚಲು ಪೊಟ್ಟಣ ಕಟ್ಟುತ್ತಿದ್ದಳು. ಮಗಳ ಮದುವೆ ದಿನವೂ ಅವಳ ಉಗುರ ಸಂದಿಯ ಕಪ್ಪು ಹೋಗಿರಲಿಲ್ಲ.

ನಾನು ಪಕ್ಕದ ಮೇಜಿನಲ್ಲಿ ಪೊಟ್ಟಣಕ್ಕೆ ಚೀಟಿ ಅಂಟಿಸುವವಳು. ಕೋಣೆಯಲ್ಲಿ ಅಲ್ಲಾಡದ ಸ್ಟೂಲು ಒಂದೇ, ಅದು ಅವಳದ್ದು. ಸುಳ್ಳು ಯಾಕೆ ಹೇಳಲಿ, ನನಗೆ ಅದರ ಮೇಲೆ ಕಣ್ಣಿತ್ತು.

ಆ ವರ್ಷ ಹೊಸ ಸಾಹೇಬರು ಬಂದರು. ಓದಿದ್ದು ಬೇಕಾದಷ್ಟು, ಮಣ್ಣು ಮುಟ್ಟಿದ್ದು ಅಷ್ಟಕ್ಕಷ್ಟೆ. ನಮ್ಮ ಪೊಟ್ಟಣ ಬಳಸಿದ ಸೋಯಾ ಹೊಲದಿಂದ ಹತ್ತು ಗಿಡ ತಂದು ಮೇಜಿನ ಮೇಲೆ ಹಾಕಿದರು. ಬೇರುಗಳೆಲ್ಲ ಬೋಳು.

"ಒಂದು ಗಂಟೂ ಇಲ್ಲಮ್ಮ. ನೀವು ಕೊಡ್ತಿರೋದು ಬರೀ ಇದ್ದಿಲು. ನಾಳೆ ವರದಿ ಕಳಿಸ್ತೀನಿ. ನೀವು ಉಗ್ರಾಣಕ್ಕೆ ಹೋಗಿ, ಇಲ್ಲಿಗೆ ಬೇರೆಯವರನ್ನ ಹಾಕ್ತೀನಿ."

ಗಂಟಕ್ಕ ಒಂದು ಬೇರನ್ನು ಬೆಳಕಿಗೆ ಹಿಡಿದಳು. "ಕಿತ್ತಿರಾ ಸಾರ್, ಅಗೆದಿರಾ?"

"ಕಿತ್ತೆ. ಎರಡೂ ಒಂದೇ ಅಲ್ವಾ?"

"ಅಲ್ಲ. ಗುದ್ದಲಿ ತರ್ತೀನಿ, ನಡೀರಿ."

ಇವಳ ಕಥೆ ಮುಗೀತು ಅಂದುಕೊಂಡೆ. ಸಾಹೇಬರ ಜೀಪು ಅವಳನ್ನು ಕೂರಿಸಿಕೊಂಡು ಗೇಟು ದಾಟಿದ್ದೇ ತಡ, ಸ್ಟೂಲನ್ನು ನನ್ನ ಮೇಜಿಗೆ ಎಳೆದುಕೊಂಡೆ.

ಹೊಲದಲ್ಲಿ ನಡೆದದ್ದನ್ನು ಆಮೇಲೆ ಡ್ರೈವರ್ ಹೇಳಿದ. ಗುದ್ದಲಿಯನ್ನು ಸಾಹೇಬರ ಕೈಗೇ ಕೊಟ್ಟಳಂತೆ. "ನೀವೇ ಅಗೀರಿ. ನಾನು ಅಗೆದರೆ ಗಂಟುಗಳನ್ನ ಸೆರಗಿನಿಂದ ಉದುರಿಸಿದೆ ಅಂತೀರ." ಬುಡದಿಂದ ಗೇಣು ದೂರಕ್ಕೆ ಅಗೆಸಿ, ಹೆಂಟೆ ಸಮೇತ ಗಿಡ ಎತ್ತಿಸಿ, ಬಕೆಟ್ ನೀರಿನಲ್ಲಿ ನೆನೆಸಿಟ್ಟಳು. ಮಣ್ಣು ಕರಗಿತು. ಬೇರಿನ ತುಂಬ ಗಂಟು. ಒಂದನ್ನು ಉಗುರಿನಿಂದ ಸೀಳಿ ತೋರಿಸಿದಳು, ಒಳಗೆ ಕೆಂಪು.

"ಹೀಗೆ ಕೆಂಪಗಿದ್ರೆ ಕೆಲಸ ಮಾಡ್ತಿದೆ ಅಂತ. ನೆಲ ಒಣಗಿದೆ ಸಾರ್. ನೀವು ಕಿತ್ತಾಗ ಇವೆಲ್ಲ ಮಣ್ಣಲ್ಲೇ ಉಳಿದ್ವು."

ಸಾಹೇಬರು ಬರೆದಿಟ್ಟುಕೊಂಡಿದ್ದ ವರದಿಯನ್ನು ಅಲ್ಲೇ ಹರಿದು ಜೇಬಿಗೆ ತುರುಕಿಕೊಂಡರಂತೆ.

ಸಂಜೆ ಅವಳು ಬಾಗಿಲು ತೆಗೆದಾಗ ನಾನು ಸ್ಟೂಲಿನ ಮೇಲೇ ಕೂತಿದ್ದೆ. ಅವಳ ಕಣ್ಣ ಕೆಳಗೆ ಕೆಸರು ಮೆತ್ತಿತ್ತು, ದಾರಿಯಲ್ಲಿ ಅತ್ತು ಮಣ್ಣುಗೈಯಲ್ಲೇ ಒರೆಸಿಕೊಂಡಿರಬೇಕು. ನಾಚಿಕೆಯಿಂದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಕೂತ್ಕೋ. ಎರಡು ವರ್ಷಕ್ಕೆ ನನ್ನ ರಿಟೈರು, ಆಮೇಲೆ ಹೇಗೂ ನಿಂದೇ," ಅಂದಳು. ಏಪ್ರನ್ ಕಟ್ಟಿಕೊಳ್ಳುತ್ತ, ನನ್ನ ಕಡೆ ತಿರುಗದೆ, "ಹನ್ನೆರಡು ವರ್ಷ ಪಕ್ಕದಲ್ಲೇ ಇದ್ದೀಯ. ಕಿತ್ತಿದ್ದಾ ಅಗೆದಿದ್ದಾ ಅಂತ ನೀನಾದ್ರೂ ಕೇಳಬಹುದಿತ್ತು," ಅಂದಳು.

ಈಗ ಆ ಸ್ಟೂಲು ನನ್ನದೇ. ಗಿಡ ತಂದವರನ್ನು ಮೊದಲು ಅದನ್ನೇ ಕೇಳುತ್ತೇನೆ.