ಬಿನ್ ಮಹಮೂದಿನಲ್ಲಿ ಕಂಡ ಜರ್ಮನಿಯ ಗೋಲ್‌ಕೀಪರ್

ಕೋಯಿಕ್ಕೋಡಿನಿಂದ ಹೊರಟ ವಿಮಾನ ದೋಹಾದಲ್ಲಿ ಇಳಿದಾಗ ಶುಕ್ರವಾರ ಮಧ್ಯಾಹ್ನ. 2007ರ ಸೆಪ್ಟೆಂಬರ್ ಕೊನೆ, ರಂಝಾನ್ ತಿಂಗಳು. ಬಾಗಿಲು ದಾಟಿದೊಡನೆ ಕನ್ನಡಕಕ್ಕೆ ಹಬೆ ಕೂತಿತು. ಟ್ಯಾಕ್ಸಿಗೆ ಹದಿನೈದು ರಿಯಾಲ್ ಕೊಟ್ಟು ಬಿನ್ ಮಹಮೂದ್ ಬಡಾವಣೆಯಲ್ಲಿದ್ದ ಅಕ್ಕನ ಫ್ಲ್ಯಾಟ್ ಸೇರುವವರೆಗೆ ಒಂದು ಚಹದಂಗಡಿಯೂ ತೆರೆದಿರಲಿಲ್ಲ.

ಅಕ್ಕ ಬಾಗಿಲಲ್ಲೇ ಪಿಸುಗುಟ್ಟಿದಳು: ಮಗಳು ನವ್ಯಾ ಅಪ್ಪನೊಡನೆ ಮಾತು ಬಿಟ್ಟಿದ್ದಾಳೆ. ಅವಳು ಶಾಲೆಯ ಹುಡುಗಿಯರ ಫುಟ್ಬಾಲ್ ತಂಡದ ಗೋಲ್‌ಕೀಪರ್. ಭಾವ ಅಭ್ಯಾಸಕ್ಕೆ ಕಳಿಸುವುದಿಲ್ಲ ಎಂದಿದ್ದರು. ಸೋಮವಾರವೂ ಹೋಗದಿದ್ದರೆ ಅವಳ ಜಾಗ ಬೇರೆಯವಳಿಗೆ.

ಕಾರಣವನ್ನು ನಾನು ಕೇಳಲಿಲ್ಲ. ಗೊತ್ತೇ ಇದೆಯಲ್ಲ ಎಂದುಕೊಂಡೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತದ್ದನ್ನೆಲ್ಲ ಶುಕ್ರವಾರದ ರಜೆಯೆಂದು ರಾತ್ರಿಯೂಟಕ್ಕೆ ಮನೆಯಲ್ಲೇ ಕೂತ ಭಾವನ ಮುಂದೆ ಸುರಿದೆ. ನಾರ್ವೆಯ ಹೆಂಗಸರು ವಿಶ್ವಕಪ್ ಗೆದ್ದಿದ್ದಾರೆ, ಸ್ವೀಡನ್ ಫೈನಲ್ ಆಡಿದೆ, ಜರ್ಮನಿ ಹಾಲಿ ಚಾಂಪಿಯನ್. ಫುಟ್ಬಾಲ್ ಹೆಣ್ಣಿಗೆ ಹೇಳಿದ್ದಲ್ಲ ಎನ್ನುವ ವಾದ ಇನ್ನೆಲ್ಲಿ ನಿಲ್ಲುತ್ತದೆ? ಭಾವ ಬಂಗುಡೆಯ ಮುಳ್ಳು ಬಿಡಿಸುತ್ತಲೇ ಇದ್ದರು. "ಆಯ್ತು ಮಾರಾಯ, ಊಟ ಮಾಡು," ಎಂದರು. ಉತ್ತರವಿಲ್ಲದವರ ಮಾತು ಅದು ಎಂದು ತೀರ್ಪು ಕೊಟ್ಟುಕೊಂಡೆ.

ಶನಿವಾರ ನವ್ಯಾಳನ್ನು ಸಮುದ್ರದಂಡೆಗೆ ಕರೆದೊಯ್ದೆ. ಅವಳು ಹೇಳಿದ್ದು ಇಷ್ಟೇ: "ಮಾವ, ನೀವು ಇನ್ನು ಹೆಲ್ಪ್ ಮಾಡ್ಬೇಡಿ."

ಭಾನುವಾರ ಮಧ್ಯಾಹ್ನ ಶಾಂಘೈಯಿಂದ ಹೆಂಗಸರ ವಿಶ್ವಕಪ್ ಫೈನಲ್ ಪ್ರಸಾರ, ಜರ್ಮನಿಗೆ ಬ್ರೆಝಿಲ್ ಎದುರಾಳಿ. ಎದುರು ಫ್ಲ್ಯಾಟಿನ ಉಮರಾಕ ಬಂದು ಕೂತರು. ಉಳ್ಳಾಲದವರು, ದೋಹಾ ಅಲ್ ಜದೀದಾದ ಅವರ ಅಂಗಡಿ ಆ ತಿಂಗಳು ಸಂಜೆಯೇ ತೆರೆಯುವುದು. ಅವರಿಗೆ ಉಪವಾಸವೆಂದು ನಾವೂ ನೀರು ಮುಟ್ಟಲಿಲ್ಲ. ನಾನು ಮತ್ತೆ ವಾದ ಎತ್ತಿದೆ. ಉಮರಾಕ ಭಾವನ ಕಡೆ ತಿರುಗಿ, "ನಿಮ್ಮ ಭಾವಮೈದುನನಿಗೆ ಉಪವಾಸ ಇಲ್ಲ, ಇವನ ಮಾತು ಕೇಳಿ ಗಂಟಲು ಒಣಗುವುದು ನನ್ನದು," ಎಂದರು.

ಜರ್ಮನಿ ಒಂದು ಗೋಲು ಮುಂದಿತ್ತು. ಆಗ ಬ್ರೆಝಿಲ್‌ಗೆ ಪೆನಾಲ್ಟಿ ಸಿಕ್ಕಿತು. ಜರ್ಮನಿಯ ಗೋಲ್‌ಕೀಪರ್ ಮಗ್ಗುಲಿಗೆ ಹಾರಿ ಚೆಂಡನ್ನು ತಡೆದಳು. ಭಾವ ಕುರ್ಚಿಯಿಂದ ಎದ್ದೇಬಿಟ್ಟಿದ್ದರು, ಎರಡೂ ಕೈ ಚಾಚಿ. ನವ್ಯಾ ಎದ್ದು ಒಳಗೆ ಹೋದಳು.

ಜರ್ಮನಿ ಇನ್ನೊಂದು ಗೋಲು ಹೊಡೆದು ಕಪ್ ಎತ್ತಿತು. ಇಡೀ ಕೂಟದಲ್ಲಿ ಅವರ ಬಲೆಗೆ ಒಂದು ಗೋಲೂ ಬಿದ್ದಿರಲಿಲ್ಲ. ಹುಡುಗಿ ಯಾಕೆ ಎದ್ದು ಹೋದದ್ದು ಎಂದು ಉಮರಾಕ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಭಾವ ಹೇಳಿದರು:

"ರಂಝಾನಿಗೆ ಅಭ್ಯಾಸ ಇಫ್ತಾರ್ ಆದ ಮೇಲೆ ಇಟ್ಟಿದ್ದಾರೆ. ಲುಸೈಲ್‌ನಲ್ಲಿ ನನ್ನ ಶಿಫ್ಟೂ ಅದೇ ಹೊತ್ತಿಗೆ. ಅವಳ ಅಮ್ಮನಿಗೆ ಡ್ರೈವಿಂಗ್ ಬರುವುದಿಲ್ಲ. ಕತ್ತಲಲ್ಲಿ ಮಗುವನ್ನು ಕರ್ಕೊಂಡು ಬರುವುದು ಯಾರು?"

"ಆ ಮೈದಾನದ ಪಕ್ಕದ ಮಸೀದಿಗೇ ಅಲ್ವಾ ನಾನೂ ನಮ್ಮ ಮನೆಯವಳು ಮರಿಯಮ್ಮಳೂ ರಾತ್ರಿ ನಮಾಝಿಗೆ ಹೋಗುವುದು? ಹೋಗುವಾಗ ಬಿಡ್ತೇವೆ, ಬರುವಾಗ ಕರ್ಕೊಂಡು ಬರ್ತೇವೆ. ಖಲಾಸ್," ಎಂದರು ಉಮರಾಕ.

ಭಾವ ಉಸಿರು ಬಿಟ್ಟು ಕುರ್ಚಿಗೆ ಒರಗಿದರು. ಉಪವಾಸದವರಿಗೆ ಯಾಕೆ ತೊಂದರೆ ಎಂದು ಇಷ್ಟು ದಿನ ಕೇಳಿರಲಿಲ್ಲವಂತೆ. ಹೆಣ್ಣುಮಕ್ಕಳು ಆಡಬಾರದೆಂದು ಆ ಮನೆಯಲ್ಲಿ ಯಾರೂ ಅಂದಿರಲಿಲ್ಲ; ಎದುರಾಳಿಯೇ ಇಲ್ಲದ ಚರ್ಚೆಯನ್ನು ನಾನು ಮೂರು ದಿನ ಗೆಲ್ಲುತ್ತಿದ್ದೆ. ಒಳಕೋಣೆಯಿಂದ ಕೈಗವಸಿನ ಪಟ್ಟಿ ಬಿಗಿಯುವ ಚರ್‌ಚರ್ ಸದ್ದು ಬಂತು. ಅಕ್ಕ ನಕ್ಕಳು.

ಸೋಮವಾರ ರಾತ್ರಿ ಊರಿಗೆ ಹೊರಟೆ. ಟ್ಯಾಕ್ಸಿಯವನಿಗೆ ಹೇಳಿ ಮೈದಾನದ ದಾರಿ ಹಿಡಿಸಿದೆ. ದೀಪಗಳ ಕೆಳಗೆ, ಗೋಲು ಕಂಬಗಳ ನಡುವೆ ನವ್ಯಾ ಬಾಗಿ ನಿಂತಿದ್ದಳು. ಕೈ ಬೀಸಿದೆ. ಅವಳು ನೋಡಲಿಲ್ಲ, ಚೆಂಡು ಅವಳತ್ತ ಬರುತ್ತಿತ್ತು.