ಎಡ್ಮಂಡನ ಎರಡನೇ ಡಿವಿಷನ್

ಮಸ್ಕತ್ತಿನಲ್ಲಿ ಯಾರು ಚೆಂಡು ಒದ್ದರೂ ಎಡ್ಮಂಡನಿಗೆ ನಗು ಬರುತ್ತಿತ್ತು. ಸಂತೋಷದ ನಗುವಲ್ಲ, ಮೂಗಿನಿಂದ ಹೊರಡುವ ನಗು. ಅಲ್ಲಿನ ರೂವಿ ಬಡಾವಣೆಯ ಕಟ್ಟಡ ಕಂಪನಿಯೊಂದರಲ್ಲಿ ಸ್ಟೋರ್‌ಕೀಪರ್ ಆಗುವ ಮೊದಲು ಅವನು ಹಡಗಿನ ಅಡುಗೆಮನೆಯಲ್ಲಿದ್ದ. ಆ ಹಡಗು ರಿಪೇರಿಗೆಂದು ಪೋರ್ಚುಗಲ್ಲಿನ ಸೆತೂಬಲ್ ಬಂದರಿನಲ್ಲಿ ಒಂದು ಇಡೀ ಚಳಿಗಾಲ ನಿಂತಿತ್ತು. ಮಾಡಲು ಬೇರೆ ಕೆಲಸವಿಲ್ಲದೆ ಭಾನುವಾರಗಳಲ್ಲಿ ಪಕ್ಕದ ಊರಿನ ಮೂರನೇ ಡಿವಿಷನ್ ತಂಡದ ಆಟ ನೋಡಿದ. ನೋಡಿದ, ಅಷ್ಟೇ. ಆದರೆ ಮಂಗಳೂರು ಬೆಂದೂರಿನ ಈ ಮನುಷ್ಯ ಆಮೇಲೆ ಫುಟ್‌ಬಾಲನ್ನು ತಾನೇ ಹೆತ್ತವನಂತೆ ಓಡಾಡಿದ.

ಆಗ ಮಸ್ಕತ್ತಿನ ಅಂಚಿನ ಬೌಷರಿನ ಕಲ್ಲುನೆಲದಲ್ಲಿ ಶುಕ್ರವಾರ ಸಂಜೆ ನಮ್ಮ ಕರಾವಳಿಯವರ ತಂಡಗಳು ಆಡುತ್ತಿದ್ದವು. ಗುಮಾಸ್ತರು, ಡ್ರೈವರುಗಳು, ಮತ್ರಾದ ಮೀನು ಮಾರುಕಟ್ಟೆಯವರು. ಮಾತಿನ ಜೋರಿಗೆ ಮರುಳಾದ ಒಂದು ತಂಡ ಎಡ್ಮಂಡನನ್ನು ಕೋಚ್ ಮಾಡಿಕೊಂಡಿತು.

“ಇದಕ್ಕೆ ಲೀಗ್ ಅಂತೀರಾ? ಸೋತವನೂ ಅಲ್ಲೇ, ಗೆದ್ದವನೂ ಅಲ್ಲೇ,” ಎಂದ ಎಡ್ಮಂಡ್. “ಪೋರ್ಚುಗಲ್ಲಿನಲ್ಲಿ ಮೇಲೆ ಫಸ್ಟ್ ಡಿವಿಷನ್. ಕೆಳಗೆ ಸೆಕೆಂಡ್, ಅದರಲ್ಲೇ ಉತ್ತರ, ಮಧ್ಯ, ದಕ್ಷಿಣ ಅಂತ ಭಾಗ. ಅದರ ಕೆಳಗೆ ಥರ್ಡ್. ಅದಕ್ಕೂ ಕೆಳಗೆ ಜಿಲ್ಲಾ ಲೀಗು. ಗೆದ್ದವ ಹತ್ತಬೇಕು, ಸೋತವ ಇಳೀಬೇಕು. ಇಳಿಯುವ ನಾಚಿಕೆ ಉಂಟಲ್ಲ, ಅದು ಇದ್ರೆ ಮಾತ್ರ ಆಟ ಬರ್ತದೆ ಮಾರಾಯಾ.”

“ನಾವು ಎಲ್ಲಿರ್ತೇವೆ ಪೊರ್ಬುಗಳೇ?” ಊರಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ ಕರೆದು ಗೋಲ್‌ಕೀಪರ್ ಪೂವಪ್ಪ ಕೇಳಿದ.

“ಮೇಲೆ. ಮತ್ತೆಲ್ಲಿ?”

ಎಂಬತ್ತೆಂಟರಲ್ಲಿ ಲೀಗಿನ ಕಮಿಟಿ ಅವನ ಮಾತಿಗೆ ಒಪ್ಪಿತು. ತಂಡಗಳನ್ನು ಮೇಲಿನ ಡಿವಿಷನ್, ಕೆಳಗಿನ ಡಿವಿಷನ್ ಎಂದು ಒಡೆದರು. ಮೀನು ಮಾರುಕಟ್ಟೆಯ ತಂಡದ ನಾಯಕ ಉಮರಬ್ಬನ ಕಡೆ ತಿರುಗಿ ಎಡ್ಮಂಡ್ ಹೇಳಿದ: “ಬ್ಯಾರಿಗಳೇ, ನೀವು ಕೆಳಗೇ ಇರಿ. ವಾಸನೆ ಮೇಲಿನವರೆಗೆ ಬರುವುದು ಬೇಡ.” ಮೇಜಿನ ಸುತ್ತ ಇದ್ದವರು ನಕ್ಕರು. ಉಮರಬ್ಬ ಸುಲೈಮಾನಿ ಚಹಾ ಕುಡಿದು ಮುಗಿಸಿ, “ಆಯ್ತು,” ಎಂದ.

ಮೀನಿನವರು ಮಧ್ಯಾಹ್ನ ಅಂಗಡಿ ತೊಳೆದಾದ ಮೇಲೆ ಕಡಲ ತೀರದ ಮರಳಿನಲ್ಲಿ ಓಡಿದರು. ಎಡ್ಮಂಡನ ಹುಡುಗರು ಓಡಲಿಲ್ಲ, ಅವನ ಭಾಷಣ ಕೇಳಿದರು. ಉಮರಬ್ಬನ ತಂಡ ಮರುವರ್ಷವೇ ಮೇಲಕ್ಕೆ ಬಂತು. ತೊಂಬತ್ತರ ಏಪ್ರಿಲಿನಲ್ಲಿ, ಕೊನೆಯ ಪಂದ್ಯದಲ್ಲಿ, ಅದೇ ತಂಡ ಎಡ್ಮಂಡನವರನ್ನು ಸೋಲಿಸಿ ಕೆಳಗೆ ತಳ್ಳಿತು. ಎಡ್ಮಂಡ್ ರೆಫ್ರಿಯನ್ನು ಬೈದ, ನೆಲವನ್ನು ಬೈದ, ಕೊನೆಗೆ ಗಾಳಿಯನ್ನೂ ಬೈದ.

“ರೂಲ್ ತಂದದ್ದು ನೀವೇ ಅಲ್ಲವಾ? ಇಳೀರಿ,” ಎಂದಳು ಮನೆಯಲ್ಲಿ ಹೆಂಡತಿ ಐಡಾ, ಅವನ ಮುಖ ಕೂಡ ನೋಡದೆ ಮೀನುಸಾರು ಬಡಿಸುತ್ತ.

ಇಳಿಯುವ ಜಾತಿಯಲ್ಲ ಅವನದು. ಆ ಬೇಸಗೆಯಲ್ಲಿ ಸೈಟಿನ ಪೋರ್ಚುಗೀಸ್ ಎಂಜಿನಿಯರನೊಬ್ಬ ಮಾತಿಗೆ ಸಿಕ್ಕಿ, ತಮ್ಮೂರಿನಲ್ಲಿ ಫಸ್ಟ್ ಮತ್ತು ಸೆಕೆಂಡಿನ ನಡುವೆ ‘ಆನರ್ ಡಿವಿಷನ್’ ಎಂಬ ಹೊಸ ಹಂತ ಮಾಡಿದ್ದಾರೆ ಎಂದ. ಎಡ್ಮಂಡನಿಗೆ ಜೀವ ಬಂತು. ಕಮಿಟಿಯ ಮುಂದೆ ಎದೆಯುಬ್ಬಿಸಿ ನಿಂತ.

“ನಮ್ಮಲ್ಲೂ ಒಂದು ಆನರ್ ಡಿವಿಷನ್ ಬೇಕು. ಮೇಲಿನಿಂದ ಇಳಿದವರು ಅದರಲ್ಲಿ ಆಡಲಿ.”

“ಪೊರ್ಬುಗಳೇ, ಒಂದು ಮಾತು,” ಎಂದ ಉಮರಬ್ಬ. “ಹಾಗಾದ್ರೆ ಅಲ್ಲಿ ಸೆಕೆಂಡಿನಲ್ಲಿ ಉಳಿದವರು ಈಗ ಎಷ್ಟನೆಯವರಾದ್ರು?”

“ಹೆಸರಿಗೆ ಸೆಕೆಂಡೇ.”

“ಲೆಕ್ಕಕ್ಕೆ?”

“ಮೂರನೆಯವರು.”

“ಅಂದ್ರೆ ನಿಮ್ಮ ಮರ್ಯಾದೆಗೋಸ್ಕರ ಕೆಳಗಿನ ಡಿವಿಷನ್ನಿನ ಈ ಬಡಪಾಯಿಗಳು ಕೂತಲ್ಲೇ ಒಂದು ಮೆಟ್ಟಿಲು ಇಳೀಬೇಕು. ಖಲಾಸ್. ಯಾರಿಗೆ ಒಪ್ಪಿಗೆ, ಕೈ ಎತ್ತಿ.”

ಒಂದು ಕೈಯೂ ಏಳಲಿಲ್ಲ. ಎಡ್ಮಂಡ್ ಪೂವಪ್ಪನನ್ನು ದಿಟ್ಟಿಸಿದ. ಪೂವಪ್ಪ ತನ್ನೆರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

ಕೆಳಗಿನ ಡಿವಿಷನ್ನಿನ ಮೊದಲ ಪಂದ್ಯಕ್ಕೆ ಕೋಚ್‌ಗೆ ಜ್ವರ. ಎರಡನೆಯದಕ್ಕೆ ಸೊಂಟನೋವು. ಸೋಲು ಗೆಲುವು ಕೇಳುವವರಿಲ್ಲದ ಹುಡುಗರು ಒಬ್ಬೊಬ್ಬರೇ ಬೇರೆ ತಂಡಗಳಿಗೆ ಜಾರಿದರು. ಪೂವಪ್ಪ ಹೋದದ್ದು ಉಮರಬ್ಬನ ಬಳಿಗೆ. ಹೋಗುವ ಮೊದಲು ಸ್ಟೋರಿಗೆ ಬಂದು ಹೇಳಿದ: “ಕೆಳಗೆ ಆಡ್ಲಿಕ್ಕೆ ನನಗೆ ನಾಚಿಕೆ ಇರ್ಲಿಲ್ಲ. ನೀವು ಬಾರದೆ ಇದ್ದದ್ದು ನಾಚಿಕೆ.”

“ಹೋಗು ಹೋಗು, ಮೀನು ಕೊಯ್ಯಲು ಕಲಿ,” ಎಂದ ಎಡ್ಮಂಡ್. ಪೂವಪ್ಪ ಹೋದ ಮೇಲೆ ಸಿಮೆಂಟಿನ ಚೀಲಗಳನ್ನು ಎರಡೆರಡು ಸಲ ಎಣಿಸಿದ. ಪಶ್ಚಾತ್ತಾಪ ಎನ್ನುವಂತಿಲ್ಲ. ಬೈಯಲು ಹತ್ತಿರ ಯಾರೂ ಇರಲಿಲ್ಲ, ಅಷ್ಟೇ.

ತಂಡ ಮುಚ್ಚಿತು, ಲೀಗ್ ಬೆಳೆಯಿತು. ದೂರದ ಸೂರ್ ಪಟ್ಟಣದಿಂದಲೂ ತಂಡಗಳು ಬಂದವು. ಹತ್ತುವ ಇಳಿಯುವ ಪದ್ಧತಿ ಹಾಗೇ ಉಳಿಯಿತು. ತೊಂಬತ್ತೇಳರಲ್ಲಿ ಕಂಪನಿಗೆ ಹೊಸದಾಗಿ ಬಂದ ಕ್ಲಾರೆನ್ಸ್ ಎಂಬ ಗುಮಾಸ್ತ ಊಟದ ಹೊತ್ತಿಗೆ ಎಡ್ಮಂಡನಿಗೇ ಕತೆ ಹೇಳಿದ: “ಈ ಡಿವಿಷನ್ ಎಲ್ಲ ಶುರುಮಾಡಿದ್ದು ಮತ್ರಾದ ಒಬ್ಬ ಬ್ಯಾರಿಗಳಂತೆ. ಪೋರ್ಚುಗಲ್ ಉಮರಬ್ಬ ಅಂತಲೇ ಹೆಸರು. ಅಲ್ಲಿ ಆಡಿ ಬಂದವರಂತೆ, ಹೌದಾ ಅಂಕಲ್?”

ಮಂಗಳೂರು, ಮಸ್ಕತ್ತು ಬಿಟ್ಟು ಮೂರನೇ ಊರು ಕಾಣದವನು ಉಮರಬ್ಬ. ಎಡ್ಮಂಡ್ ತಟ್ಟೆಯನ್ನು ದೂರ ತಳ್ಳಿದ.

“ಅವನಿಗೆ ಆಫ್‌ಸೈಡ್ ಕೂಡ ಗೊತ್ತಿಲ್ಲ,” ಎಂದ. ಕ್ಲಾರೆನ್ಸ್ ಅಷ್ಟರಲ್ಲಿ ಕೈತೊಳೆಯಲು ಎದ್ದಾಗಿತ್ತು.